ಮೂರಿಂಚಿನ ಚಾನೆಲ್ಲು, ಎಂಟು ಮಂದಿಯ ಜೋಕಾಲಿ

ರಸ್ತೆ ಅಗಲ ಮಾಡುವವರು ಮಸ್ಕಿಯ ಆ ಓಣಿಯ ಬೇವಿನ ಮರ ಕಡಿದದ್ದೇ ವೆಂಕೋಬನ ಕಷ್ಟಕ್ಕೆ ಮೂಲ. ಮರವಿಲ್ಲದಿದ್ದರೆ ನಾಗರ ಪಂಚಮಿಗೆ ಜೋಕಾಲಿ ಇಲ್ಲ. ಜೋಕಾಲಿ ಇಲ್ಲದಿದ್ದರೆ ಹೆಂಡತಿ ಗಂಗಾದೇವಿ ಮನೆಯಲ್ಲಿಲ್ಲ.

"ಸಂಜಿಗೆ ನಮ್ಮ ತಮ್ಮ ಕರಿಯಾಕ ಬರ್ತಾನ. ಮುದಗಲ್ಲಾಗ ನಮ್ಮನಿ ಮುಂದ ಹುಣಸಿಮರ ಐತಿ. ಅಲ್ಲೇ ಜೋಕಾಲಿ ಆಡ್ತೀನಿ," ಎಂದಳು.

"ಯಾವಾಗ ಬರ್ತಿ?"

"ಆಡಿ ಸಾಕಾದಾಗ."

ವೆಂಕೋಬನಿಗೆ ರೊಟ್ಟಿ ನೆನಪಾಯಿತು. ಹೋದ ವರ್ಷ ಅವಳು ಮದುವೆಗೆಂದು ತವರಿಗೆ ಹೋದಾಗ ಅವನು ತಾನೇ ರೊಟ್ಟಿ ಬಡಿದಿದ್ದ. ಓಣಿಯ ನಾಯಿ ಅದನ್ನು ಮೂಸಿ, ಮೇಲೆ ಮಣ್ಣು ಎಳೆದು ಮುಚ್ಚಿ ಹೋಗಿತ್ತು.

"ಸಂಜಿ ಒಳಗ ಇಲ್ಲೇ ಜೋಕಾಲಿ ಕಟ್ಟಿದ್ರ ಇರ್ತೀಯೇನು?"

"ಗಟ್ಟಿ ಇದ್ರ ಇರ್ತೀನಿ."

ಹತ್ತಿ ಮಿಲ್ಲಿಗೆ ರಜೆ ಹಾಕಿ ಅವನು ಸಿಂಧನೂರಿನ ಬಸ್ಸು ಹಿಡಿದ. ಅಂಗಳದ ಎರಡು ಕಾಂಕ್ರೀಟು ಕಂಬಗಳ ಮೇಲೆ ಒಂದು ಉಕ್ಕಿನ ಚಾನೆಲ್ಲು, ಅಂದರೆ ಮೂರು ಬದಿಯಿದ್ದು ಒಂದು ಬದಿ ತೆರೆದ ತೊಲೆ, ಕೂರಿಸಿ ಹಗ್ಗ ಇಳಿಬಿಟ್ಟರೆ ಆಯಿತು ಎಂದು ಅವನ ಲೆಕ್ಕ. ಅಂಗಡಿಯವನು, "ಯಾವ ಸೈಜು ರೀ?" ಎಂದ. ವೆಂಕೋಬ ತಡವರಿಸಿ, "ಒಬ್ಬಾಕಿ ಹೆಂಡತಿನ್ನ ತಡಿಯೋವಷ್ಟು," ಎಂದುಬಿಟ್ಟ.

"ಹಂಗಾದ್ರ ಮೂರಿಂಚು ಒಯ್ರಿ. ಬೆನ್ನು ಎಪ್ಪತ್ತೈದು ಮಿಲಿಮೀಟರು, ಎರಡೂ ರೆಕ್ಕಿ ನಲವತ್ತು, ಮೀಟರಿಗೆ ಏಳು ಕಿಲೋ ತೂಕ. ಬೆನ್ನು ಗ್ವಾಡಿ ನಿಂತಂಗ ನಿಲ್ಲಬೇಕು ನೋಡ್ರಿ. ಮಲಗಿಸಬ್ಯಾಡ್ರಿ."

ದಾರಿಯುದ್ದಕ್ಕೂ ಅವನು ಅದನ್ನೇ ಮಂತ್ರದಂತೆ ಹೇಳಿಕೊಂಡ. ಆದರೆ ಚಾನೆಲ್ಲು ಹೊತ್ತ ಟಂಟಂ ಆಟೋ ಓಣಿಗೆ ಬಂದು ನಿಂತಾಗ ಅಲ್ಲಿ ವಿರೂಪಾಕ್ಷಪ್ಪ ಕಾದಿದ್ದರು. ಪಕ್ಕದ ಮನೆಯವರು. ಕಾಲುವೆ ಇಲಾಖೆಯಲ್ಲಿ ಗೇಟು ತಿರುಗಿಸಿ ನಿವೃತ್ತರಾದ ಅವರಿಗೆ ಜಗತ್ತಿನ ಯಾವ ವಸ್ತು ಕಂಡರೂ ಕಾಲುವೆಯೇ ನೆನಪಾಗುತ್ತಿತ್ತು.

"ಬಾಯಿ ಮ್ಯಾಲ ಮಾಡಿ ಮಲಗಿಸಲೇ ವೆಂಕೋಬ! ಎಡಕ್ಕೊಂದು ದಂಡಿ, ಬಲಕ್ಕೊಂದು ದಂಡಿ, ನಡುವ ತಳ. ಇದು ಕಾಲುವಿನ. ಕಾಲುವಿನ ಯಾರಾರ ಮಗ್ಗಲಾ ಹಾಕ್ತಾರೇನು?"

"ಅಂಗಡ್ಯಾವ ಬೆನ್ನು ನಿಂದ್ರಿಸಬೇಕು ಅಂದಾನ ರೀ ಕಾಕಾ..."

"ಅವ ಮಾರಾವ. ನಾ ನಾರಾಯಣಪುರ ಡ್ಯಾಮಿನಿಂದ ನೀರು ತಂದಾವ!"

ಬೆಸೆಯಲು ಬಂದಿದ್ದ ವೆಲ್ಡಿಂಗ್ ಬುಡ್ಡೇಸಾಬ್, "ಮಲಗಿಸಿದ್ರ ನನಗೂ ಸಲೀಸು ರೀ ಸಾಹೇಬ್ರ. ಹಗ್ಗಾನೂ ಜಾರಂಗಿಲ್ಲ," ಎಂದು ದನಿಗೂಡಿಸಿದ. ಎದುರು ಮಾತಾಡಲು ವೆಂಕೋಬನಿಗೆ ಧೈರ್ಯ ಸಾಲಲಿಲ್ಲ. ಚಾನೆಲ್ಲು ಕಂಬಗಳ ಮೇಲೆ ಅಂಗಾತ ಮಲಗಿತು; ಹಗ್ಗ ಇಳಿಬಿಟ್ಟು ಕೂರುವ ಮಣೆ ಕಟ್ಟಿದರು.

"ಮೊದಲು ನಾ ಕುಂದರ್ತೀನಿ. ಕಾಲುವಿ ಚಾಲೂ ಮಾಡೋದು ನನ್ನ ಹಕ್ಕು," ಎಂದು ವಿರೂಪಾಕ್ಷಪ್ಪ ಧೋತರ ಎತ್ತಿ ಕಟ್ಟಿ ಮಣೆ ಏರಿದರು. ಬುಡ್ಡೇಸಾಬ್ ಹಿಂದಿನಿಂದ ನೂಕಿ ಜೀಕಿಸಿದ. ಮೊದಲ ಜೀಕಿಗೆ ಓಣಿಯ ಹೆಂಗಸರು ಕೇಕೆ ಹಾಕಿದರು. ಎರಡನೆಯದಕ್ಕೆ ಚಾನೆಲ್ಲು ಮುದಿ ಎಮ್ಮೆಯಂತೆ ನರಳಿತು. ಮೂರನೆಯದಕ್ಕೆ ನಡು ಬಗ್ಗಿಸಿ, ಬಹಳ ಮರ್ಯಾದೆಯಿಂದ, ಹಿರಿಯರನ್ನು ಬಚ್ಚಲ ಮೋರಿಯ ಕೆಸರಿನಲ್ಲಿ ಕೂರಿಸಿತು.

ಅಷ್ಟರಲ್ಲಿ ಫೋನು. ಗಂಗಾದೇವಿಯ ತಮ್ಮ ಮಾಳಿಂಗರಾಯ.

"ಮಾವಾ, ಬಸ್ಸು ಲಿಂಗಸುಗೂರು ಬಿಡ್ತು! ಅಕ್ಕಗ ಬಟ್ಟಿ ಕಟ್ಕೊಂಡು ತಯಾರಿರಾಕ ಹೇಳು."

ವೆಂಕೋಬ ಫೋನು ಇಟ್ಟ. ಕಿಸೆಗೆ ಕೈ ಹೋಯಿತು. ಮಿಲ್ಲಿನಲ್ಲಿ ಗೆರೆ ಎಳೆಯುವ ಪ್ಲಾಸ್ಟಿಕ್ ಸ್ಕೇಲು ಸಿಕ್ಕಿತು. ಮಲಗಿಸಿ ಅದುಮಿದ, ಬಳುಕಿತು. ಅಂಚಿನ ಮೇಲೆ ನಿಲ್ಲಿಸಿ ಅದುಮಿದ, ಜಪ್ಪಯ್ಯ ಅನ್ನಲಿಲ್ಲ!

"ನೋಡ್ರಿ! ನೋಡ್ರಿ ಇಲ್ಲಿ!" ಜನ್ಮದಲ್ಲಿ ಮೊದಲ ಸಲ ಅವನು ಓಣಿ ಕೇಳುವಂತೆ ಕೂಗಿದ. "ಅದ ಸ್ಕೇಲು, ಅದ ತೂಕ! ನಿಂತ್ರ ಬಗ್ಗವಲ್ದು!"

"ಅದು ಪ್ಲಾಸ್ಟಿಕ್ಕಲೇ," ಎಂದರು ವಿರೂಪಾಕ್ಷಪ್ಪ ಕೆಸರು ಒರೆಸಿಕೊಳ್ಳುತ್ತ.

ಬಾಗಿಲಲ್ಲಿ ನಿಂತ ಗಂಗಾದೇವಿ, "ಕಾಕಾರ, ನಿಮ್ಮ ಕಾಲುವ್ಯಾಗ ಈಗಷ್ಟ ಈಜಿ ಬಂದೀರಿ. ಸ್ವಲ್ಪ ಆರಿಸ್ಕೋರಿ," ಎಂದಳು.

ಬೆಸುಗೆ ಬಿಚ್ಚಿದ್ದಾಯಿತು. ಬುಡ್ಡೇಸಾಬ್ ಚಾನೆಲ್ಲನ್ನು ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಬಡಿದು ನೆಟ್ಟಗೆ ಮಾಡಿದ. ಬೆನ್ನು ನಿಲ್ಲಿಸಿ ಬೆಸೆದ. ಅಂಚು ಹಗ್ಗ ಕೊಯ್ಯದಂತೆ ಹಳೆ ಟೈರಿನ ತುಂಡು ಸುತ್ತಿದರು. ವೆಂಕೋಬ ಕೂತ. ಬುಡ್ಡೇಸಾಬ್ ಹಿಂದೆ ನಿಂತ. ವಿರೂಪಾಕ್ಷಪ್ಪ ದೇವರ ಹೆಸರು ಹೇಳಿ ನಡುವೆ ತೂರಿಕೊಂಡರು. ಮೂವರೂ ಜೀಕಿದರೂ ಚಾನೆಲ್ಲು ಮಸ್ಕಿಯ ಗುಡ್ಡದಂತೆ ಅಲುಗಾಡಲಿಲ್ಲ!

ಆಗಲೇ ಮಾಳಿಂಗರಾಯ ಓಣಿ ಹೊಕ್ಕ. ವೆಂಕೋಬ ಜೀಕುತ್ತಲೇ ಅರಚಿದ: "ಬಾರೋ ಮಾಳಿಂಗ! ನಿಮ್ಮಕ್ಕ ಎಲ್ಲೂ ಬರಂಗಿಲ್ಲ! ಮಲಗಿಸಿದ್ರ ಒಬ್ಬರಿಗೇ ಬಗ್ಗಿತ್ತು, ನಿಂದ್ರಿಸಿದ್ರ ಮೂವರಿಗೂ ಬಗ್ಗವಲ್ದು! ಎಂಟು ಮಂದಿ ತಡೀತೈತಿ ಇದು, ಎಂಟು ಮಂದಿ!"

ಮಾಳಿಂಗರಾಯ ಚೀಲ ಒಗೆದು ಮಣೆ ಏರಿದ. ಕಾಲು ಆಕಾಶಕ್ಕೆ ಮಾಡಿ ಜೀಕಿದ. ಇಳಿದವನ ಕಣ್ಣಲ್ಲಿ ನೀರು.

"ಮಾವಾ, ಅಕ್ಕಗ ಹೇಳಿದ್ದಿಲ್ಲ. ನಮ್ಮ ಹುಣಸಿಮರದ ಟೊಂಗಿ ಮೊನ್ನಿ ಗಾಳಿಗೆ ಮುರೀತು. ಜೋಕಾಲಿ ಇಲ್ಲಂತ ಮನಿ ಮಂದಿಯೆಲ್ಲ ಮಾರಿ ಸಣ್ಣ ಮಾಡ್ಯಾರ." ಎನ್ನುತ್ತಲೇ ಫೋನು ಕಿವಿಗೆ ಹೋಯಿತು. "ಏ, ಎಲ್ಲಾರೂ ಹೊಂಡ್ರಿ! ಹಬ್ಬ ಮಸ್ಕ್ಯಾಗ! ಹ್ಞೂಂ, ಎಂಟೂ ಮಂದಿ! ತಡೀತೈತಂತ, ಮಾವನ ಹೇಳ್ಯಾನ!"

ವೆಂಕೋಬ ಜೋಕಾಲಿಯ ಹಗ್ಗ ಹಿಡಿದು ನಿಂತ. ಹೋಗಲಿ, ಎಂಟು ಮಂದಿಗೆ ರೊಟ್ಟಿ ಬಡಿಯಲು ಗಂಗಾ ಇದ್ದಾಳಲ್ಲ ಎಂದುಕೊಂಡ. ಆಗ ಗಂಗಾದೇವಿ ಕೈಯಲ್ಲಿ ಚೀಲ ಹಿಡಿದು ಹೊರಬಂದಳು.

"ಜೋಕಾಲಿ ಗಟ್ಟಿ ಐತಿ, ಒಪ್ಪಿದೆ ರೀ. ಆದ್ರ ಎಲ್ಲಾರೂ ಇಲ್ಲಿ ಬಂದ್ರ ಅವ್ವ ಅಲ್ಲಿ ಒಬ್ಬಾಕಿನ. ಮೊಣಕಾಲು ಬ್ಯಾನಿ, ಆಕಿ ಬಸ್ಸು ಹತ್ತಂಗಿಲ್ಲ. ನಾ ಹೋಗಿ ನೋಡ್ಕೋತೀನಿ. ಜ್ವಾಳದ ಹಿಟ್ಟು ಡಬ್ಬ್ಯಾಗ ಐತಿ."

ಮುದಗಲ್ಲಿನ ಬಸ್ಸು ಅವಳನ್ನು ಹತ್ತಿಸಿಕೊಂಡು ಹೋಯಿತು.

ವಿರೂಪಾಕ್ಷಪ್ಪ ವೆಂಕೋಬನ ಹೆಗಲ ಮೇಲೆ ಕೈಯಿಟ್ಟರು. "ಚಿಂತಿ ಮಾಡಬ್ಯಾಡಲೇ. ರೊಟ್ಟಿ ಬಡಿಯೋದು ನಾ ಹೇಳಿಕೊಡ್ತೀನಿ. ಮೊದಲು ಹಿಟ್ಟಿನ ನಡುವ ಒಂದು ಕಾಲುವಿ ತಗಿ."