ರೇಟು ಬರಲಿ ಎಂದು ಇಟ್ಟ ಕಾರು

ನಮ್ಮ ವಂಶದಲ್ಲಿ ಯಾರೂ ಯಾವ ವಸ್ತುವನ್ನೂ ಕೈಗೆ ಬಂದ ದಿನವೇ ಮಾರಿದವರಲ್ಲ. ಅಜ್ಜನ ಕಾಲದಿಂದ ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿ ನಡೆಸಿಕೊಂಡು ಬಂದವರು ನಾವು. ಕೊಬ್ಬರಿಯ ಕೆಲಸದಲ್ಲಿ ಮುಖ್ಯವಾದದ್ದು ಏನೂ ಮಾಡದೆ ಇರುವುದು. ತೆಂಗಿನಕಾಯನ್ನು ಅಟ್ಟಕ್ಕೆ ಹಾಕಿ ಮರೆತುಬಿಟ್ಟರೆ, ಹೆಚ್ಚುಕಡಿಮೆ ಒಂದು ವರ್ಷದಲ್ಲಿ ಒಳಗಿನ ನೀರು ಆರಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗುಡುಗುಡು ಅನ್ನುವ ಉಂಡೆ ಕೊಬ್ಬರಿಯಾಗುತ್ತದೆ. ಆಗಲೂ ಮಾರುವುದಿಲ್ಲ. ಸುಲಿಸಿ, ಮೂಟೆ ಕಟ್ಟಿ, ರೇಟು ಬರಲಿ ಎಂದು ಕಾಯುತ್ತೇವೆ. ನಮ್ಮಪ್ಪ ಹಾಸಿಗೆ ಹಿಡಿದಿದ್ದಾಗ ನನ್ನನ್ನು ಹತ್ತಿರ ಕರೆದು, ಅವಸರ ಮಾಡಬೇಡ ಎಂದಿದ್ದರು. ಅದು ಕೊಬ್ಬರಿಯ ವಿಷಯವೋ ಡಾಕ್ಟರನ್ನು ಕರೆಸುವ ವಿಷಯವೋ ನನಗೆ ಇವತ್ತಿಗೂ ತಿಳಿಯದು. ನಾನಂತೂ ಕೊಬ್ಬರಿಗೆ ಅನ್ವಯಿಸಿಕೊಂಡೆ. ಆಮೇಲೆ ಕಾರಿಗೂ ಅನ್ವಯಿಸಿಕೊಂಡೆ. ಎಡವಟ್ಟಾದದ್ದು ಅಲ್ಲಿಂದ.

ತೊಂಬತ್ತರ ದಶಕದ ನಡುವಿನಲ್ಲಿ ಒಂದು ವರ್ಷ ನಮ್ಮ ಕಾಯುವಿಕೆ ಚೆನ್ನಾಗಿ ಫಲಿಸಿ, ಮನೆ ಕಟ್ಟಿಸಲು ಹೊರಟೆವು. ಪಾಯ ಆಯಿತು, ಪಿಲ್ಲರು ಎದ್ದವು, ಗೋಡೆಯೂ ಬಂತು. ತಾರಸಿ ಬಾಕಿ. ನನ್ನ ಹೆಂಡತಿ ಪಂಕಜ ಬಾಡಿಗೆ ಮನೆಯ ಸೋರುವ ಹೆಂಚಿನ ಕೆಳಗೆ ಪಾತ್ರೆ ಇಟ್ಟೂ ಇಟ್ಟೂ ಬೇಸತ್ತಿದ್ದಳು. ಕಬ್ಬಿಣ ಬೆಂಗಳೂರಿನಲ್ಲಿ ಅಗ್ಗವೆಂದು ಯಾರೋ ಹೇಳಿದ್ದರಿಂದ, ತಾರಸಿಯ ಹಣದ ಜೊತೆಗೆ ಮುಂದಿನ ಮಹಡಿಗೆಂದು ಕೂಡಿಟ್ಟದ್ದನ್ನೂ ಬ್ಯಾಂಕಿನಿಂದ ಬಿಡಿಸಿಕೊಂಡು ಹೋದೆ. ತಂದದ್ದೂ ಕಬ್ಬಿಣವೇ, ಆಕಾರ ಮಾತ್ರ ಬೇರೆ.

ಹಳೇ ಕಾರು ಮಾರುವವನ ಅಂಗಳದಲ್ಲಿ ಅದು ನಿಂತಿತ್ತು. ಕೆಂಪು ಬಣ್ಣ, ಜರ್ಮನಿಯ ತಯಾರಿ, ಬೊಂಬಾಯಿ ನಂಬರು, ಎರಡೇ ಸೀಟು. ಗುಂಡಿ ಒತ್ತಿದರೆ ಮೇಲಿನ ಕ್ಯಾನ್ವಾಸು ತಾನೇ ಮಡಚಿಕೊಂಡು ಹಿಂದಕ್ಕೆ ಹೋಗಿ ಕೂರುತ್ತಿತ್ತು. ಅವನು ಹೊಸದರ ಬೆಲೆ ಎಷ್ಟಿತ್ತೆಂದು ಹೇಳಿ, ಈಗ ಅದರ ಅರ್ಧಕ್ಕಿಂತ ಎಷ್ಟೋ ಕಡಿಮೆ ಎಂದ. ಬೇರೆ ಯಾರಾದರೂ ಆಗಿದ್ದರೆ, ಇಷ್ಟು ಬೇಗ ಇಷ್ಟು ಇಳಿದದ್ದು ಇನ್ನೆಷ್ಟು ಇಳಿದೀತು ಎಂದು ಹೆದರುತ್ತಿದ್ದರು. ಕೊಬ್ಬರಿ ವ್ಯಾಪಾರಿಯಾದ ನನಗೆ ಹೊಳೆದದ್ದೇ ಬೇರೆ: ರೇಟು ಇಷ್ಟು ಬಿದ್ದಿದೆ ಎಂದರೆ ಇನ್ನು ಏಳಲೇಬೇಕು. ಒಂದೆರಡು ವರ್ಷ ಇಟ್ಟು ಮಾರಿದರೆ ತಾರಸಿಯ ಜೊತೆಗೆ ಮೇಲಿನ ಮಹಡಿಯೂ ಆದೀತು ಎಂದು ಲೆಕ್ಕ ಹಾಕಿದೆ. ಇಡೀ ದಾರಿ ಆ ಲೆಕ್ಕವನ್ನೇ ಮನಸ್ಸಿನಲ್ಲಿ ಪಂಕಜಳಿಗೆ ಒಪ್ಪಿಸುತ್ತ ಬಂದೆ. ಅವಳು ಬಾಗಿಲಿಗೆ ಬಂದು ಕಾರನ್ನು ನೋಡಿದಳು, ಮಡಚಿದ ಕ್ಯಾನ್ವಾಸನ್ನೂ ನೋಡಿದಳು.

"ಮನೆಗೆ ತಾರಸಿ ಹಾಕ್ಸಿ ಅಂತ ಕಳಿಸಿದ್ರೆ, ತಾರಸಿನೇ ಇಲ್ಲದ ಕಾರು ತಂದಿದ್ದೀರಲ್ಲ" ಎಂದಳು.

ಮೊದಲ ಪ್ರಯಾಣ ಮಾಲೇಕಲ್ಲಿಗೆ, ಪೂಜೆಗೆ. ಎರಡನೆಯದು ಹಳೇಬೀಡಿಗೆ. ಅಲ್ಲಿ ದೇವಸ್ಥಾನ ನೋಡಲು ಬಂದಿದ್ದ ಶಾಲಾ ಮಕ್ಕಳೆಲ್ಲ ಕಾರಿನ ಸುತ್ತ ನಿಂತುಬಿಟ್ಟರು. ಹೊಯ್ಸಳರು ಕಟ್ಟಿದ್ದನ್ನು ವಿವರಿಸುತ್ತಿದ್ದ ಮೇಷ್ಟ್ರು ನನ್ನ ಕಡೆ ನೋಡಿದ ನೋಟದಲ್ಲಿ ಸ್ನೇಹವಿರಲಿಲ್ಲ. ಅಲ್ಲಿಂದ ಬೇಲೂರಿಗೆ ಹೋಗಿ, ವಾಪಸು ಬರುವಾಗ ಹಗರೆಯಲ್ಲಿ ರಸ್ತೆಯ ಹಂಪಿನ ಮೇಲೆ ಕಾರು ಹೊಟ್ಟೆ ಊರಿ ಕೂತಿತು. ಮುಂದಿನ ಚಕ್ರ ಅತ್ತ, ಹಿಂದಿನ ಚಕ್ರ ಇತ್ತ. ಹಾಲಿನ ಡೇರಿ ಮುಂದೆ ಕ್ಯಾನು ಹಿಡಿದು ನಿಂತಿದ್ದವರು ಬಂದು, ಕೂತಿದ್ದ ನಮ್ಮಿಬ್ಬರನ್ನೂ ಸೇರಿಸಿ ಎತ್ತಿ ಆಚೆಗಿಟ್ಟರು. "ಎಮ್ಮೆಗಿಂತ ಹಗುರ ಐತೆ ಕಣ್ಲಾ" ಎಂದು ಒಬ್ಬ ಇನ್ನೊಬ್ಬನಿಗೆ ಹೇಳಿದ. ಪಂಕಜ ಸೆರಗು ಮುಖಕ್ಕೆ ಎಳೆದುಕೊಂಡವಳು ಅರಸೀಕೆರೆಯವರೆಗೂ ತೆಗೆಯಲಿಲ್ಲ.

ಮೂರನೆಯ ಪ್ರಯಾಣ ಆರ್‌ಟಿಒ ಕಚೇರಿಗೆ. ಬೇರೆ ರಾಜ್ಯದ ಗಾಡಿ ಇಲ್ಲಿ ಓಡಬೇಕಾದರೆ ಇಲ್ಲಿಯ ಜೀವಿತಾವಧಿ ತೆರಿಗೆ ಕಟ್ಟಬೇಕೆಂದರು. ಯಾರ ಜೀವಿತಾವಧಿ, ನನ್ನದೋ ಕಾರಿನದೋ ಎಂದು ಕೇಳಿದೆ. ಗುಮಾಸ್ತರು ತಲೆಯೆತ್ತದೆ, ಯಾವುದಾದರೂ ಕಟ್ಟುವುದು ನೀವೇ ಎಂದರು. ಆ ತೆರಿಗೆಯಲ್ಲಿ ನಮ್ಮ ಅಡುಗೆಮನೆಯ ಮೇಲಿನ ತಾರಸಿ ಹೋಯಿತು. ವಿಮೆಯಲ್ಲಿ ಬಚ್ಚಲಿನದು ಹೋಯಿತು. ಪಂಕಜ ಖರ್ಚನ್ನು ಹೀಗೆ ಕೋಣೆಗಳ ಲೆಕ್ಕದಲ್ಲೇ ಹೇಳುತ್ತಿದ್ದಳು.

ಆಡಿಟರ್ ನಂಜುಂಡಪ್ಪನವರು ನನಗೆ ಸವಕಳಿ ಎಂಬ ಮಾತಿನ ಅರ್ಥ ಹೇಳಿಕೊಟ್ಟರು. ಕಾರಿನ ಬೆಲೆ ವರ್ಷವರ್ಷವೂ ಇಳಿಯುತ್ತದೆ, ದುಬಾರಿ ಕಾರಿನದು ಇನ್ನೂ ಜೋರಾಗಿ ಇಳಿಯುತ್ತದೆ, ಏಕೆಂದರೆ ಅದನ್ನು ಕೊಳ್ಳಬಲ್ಲವನು ಹಳೆಯದನ್ನು ಕೊಳ್ಳುವುದಿಲ್ಲ, ಹಳೆಯದನ್ನು ಕೊಳ್ಳುವವನು ಅದರ ರಿಪೇರಿ ತಡೆದುಕೊಳ್ಳಲಾರ ಎಂದರು. ಓಡಿಸಿದರೆ ತಾನೇ ಸವೆಯುವುದು, ಓಡಿಸುವುದೇ ಇಲ್ಲ ಎಂದೆ. ಓಡಿಸದಿದ್ದರೂ ಸವಕಳಿಯೇ ಎಂದರು. ಹೋಗಲಿ, ಆ ಸವಕಳಿಯನ್ನು ಮಂಡಿಯ ಲೆಕ್ಕದಲ್ಲಿ ತೋರಿಸಿ ಆದಾಯ ತೆರಿಗೆಯನ್ನಾದರೂ ಇಳಿಸಿಕೊಳ್ಳೋಣ ಎಂದರೆ, ಕಾರು ವ್ಯಾಪಾರಕ್ಕೆ ಬಳಕೆಯಾಗಬೇಕಂತೆ. ಮರುದಿನವೇ ಪಕ್ಕದ ಸೀಟಿನಲ್ಲಿ ಒಂದು ಮೂಟೆ ಕೊಬ್ಬರಿ ಕೂರಿಸಿ, ಬೆಲ್ಟು ಬಿಗಿದು, ಮಾರ್ಕೆಟ್ ಯಾರ್ಡಿಗೆ ಒಯ್ದೆ. ಎದುರು ಸಿಕ್ಕ ನಂಜುಂಡಪ್ಪನವರು ಸ್ಕೂಟರ್ ನಿಲ್ಲಿಸಿ ಮೂಟೆಯನ್ನೂ ನನ್ನನ್ನೂ ನೋಡಿ, "ಬೇಡಿ ಯಜಮಾನ್ರೇ, ಇದನ್ನ ನಾನು ಯಾವ ಆಫೀಸರ ಮುಂದೆನೂ ಹೇಳಕ್ಕಾಗಲ್ಲ" ಎಂದರು.

ಆಮೇಲೆ ನಾನು ನಮ್ಮ ಮನೆತನದ ದಾರಿ ಹಿಡಿದೆ. ಮಂಡಿಯ ಗೋದಾಮಿನಲ್ಲಿ, ಕೊಬ್ಬರಿ ಒಟ್ಟಿದ್ದ ಅಟ್ಟದ ಕೆಳಗೆ ಕಾರು ನಿಲ್ಲಿಸಿ, ಟಾರ್ಪಾಲು ಹೊದಿಸಿ, ಕಾಯತೊಡಗಿದೆ. ಬಿಕ್ಕೋಡಿನ ಕಾಫಿ ಪ್ಲಾಂಟರ್ ಮಲ್ಲೇಗೌಡರು ಸುದ್ದಿ ಕೇಳಿ ಬಂದರು. ಆ ವರ್ಷ ಕಾಫಿಗೆ ಎಲ್ಲಿಲ್ಲದ ರೇಟು. ನಾನು ಕೊಟ್ಟ ಬೆಲೆಯ ಮೇಲೆ ತೆರಿಗೆಯನ್ನೂ ಸೇರಿಸಿ ಕೊಡುವುದಾಗಿ ಹೇಳಿದರು. ಕೇಳಿಕೊಂಡು ಬಂದ ಗಿರಾಕಿ ಇದ್ದಾನೆಂದರೆ ರೇಟು ಏರುತ್ತಿದೆ ಎಂದರ್ಥ. ಮುಂದಿನ ವರ್ಷ ನೋಡೋಣ ಎಂದೆ. ಕಾಫಿ ಕೊಟ್ಟು ಒಳಗೆ ಹೋದ ಪಂಕಜ ಲೋಟ ಇಟ್ಟ ಸದ್ದು ಗೋದಾಮಿನವರೆಗೂ ಕೇಳಿಸಿರಬೇಕು.

ಮುಂದಿನ ವರ್ಷ ಗೌಡರು ಬಂದು ಸ್ವಲ್ಪ ಕಡಿಮೆಗೆ ಕೇಳಿದರು. ಕಡಿಮೆಗೆ ಕೇಳುವುದು ವ್ಯಾಪಾರದ ರೀತಿ ಎಂದುಕೊಂಡು ಬಿಟ್ಟೆ. ಆಮೇಲೆ ಕಾಫಿಯ ರೇಟು ನೆಲ ಕಚ್ಚಿತು, ಗೌಡರು ಬರುವುದನ್ನೇ ನಿಲ್ಲಿಸಿದರು. ಈ ನಡುವೆ ಕೊಬ್ಬರಿಯ ವಾಸನೆಗೆ ಬಂದ ಇಲಿಗಳು ಕಾರಿನೊಳಗೆ ಸಂಸಾರ ಹೂಡಿ, ವೈರು ಕಡಿದು, ಕ್ಯಾನ್ವಾಸಿನಲ್ಲಿ ಕಿಟಕಿಗಳನ್ನು ತೆರೆದಿದ್ದವು. ಪಿಲ್ಲರುಗಳ ತಲೆಯ ಮೇಲಿನ ಕಂಬಿಗಳು ತುಕ್ಕು ಹಿಡಿದವು. ಒಂದು ಮಳೆಗಾಲದಲ್ಲಿ, ಸೋರುವ ಕಡೆಯಿಂದ ಹಾಸಿಗೆಯನ್ನು ಮತ್ತೊಂದು ಮೂಲೆಗೆ ಎಳೆಯುತ್ತಿದ್ದ ಪಂಕಜ ನಿಂತು ಹೇಳಿದಳು: "ನಾನು ಕಾಯಲ್ಲ ಅಂತಲ್ಲ ಕಣ್ರೀ. ಆದ್ರೆ ನಾನು ಕೊಬ್ಬರಿ ಅಲ್ಲ. ಇಟ್ಟಷ್ಟೂ ನಂಗೇನೂ ರೇಟು ಬರಲ್ಲ."

ಅವಳು ಜಗಳಕ್ಕೆ ಹೇಳಿದ್ದರೆ ನಾನೂ ಏನಾದರೂ ಹೇಳುತ್ತಿದ್ದೆ. ಸುಮ್ಮನೆ ಹೇಳಿದಳು. ನನಗೆ ನಿಜವಾಗಿ ನಾಚಿಕೆಯಾಯಿತು. ಬೆಳಿಗ್ಗೆ ಎದ್ದವನೇ ಬಿಕ್ಕೋಡಿಗೆ ಬಸ್ಸು ಹತ್ತಿದೆ.

ಗೌಡರು ಈಗ ಕೇಳಿದ ಬೆಲೆ, ಅವರು ಮೊದಲ ಸಲ ಹೇಳಿದ್ದರ ಪಕ್ಕದಲ್ಲಿ ಇಡುವಂಥದ್ದಲ್ಲ. ಅವರದ್ದೂ ತಪ್ಪಿಲ್ಲ, ಅವರ ಗೋದಾಮಿನಲ್ಲೂ ರೇಟು ಬರಲಿ ಎಂದು ಕಾಫಿ ಮೂಟೆಗಳು ಕೂತಿದ್ದವು. ಜೀಪಿಗೆ ಹಗ್ಗ ಕಟ್ಟಿ ಕಾರನ್ನು ಎಳೆದುಕೊಂಡು ಹೋದರು. ಹಗರೆಯ ಹಂಪಿನಲ್ಲಿ ಮತ್ತೆ ಎತ್ತಬೇಕಾಯಿತಂತೆ.

ಬಂದ ಹಣದಲ್ಲಿ ಕೆಳಗಿನ ಮನೆಗೆ ತಾರಸಿ ಬಿತ್ತು, ಅಷ್ಟೇ. ಮೇಲಿನ ಮಹಡಿಯ ಮಾತು ಈಗ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಗೃಹಪ್ರವೇಶದ ದಿನ ನೋಡುತ್ತೇನೆ, ಯಾವ ಕೋಣೆಯಲ್ಲೂ ಅಟ್ಟವೇ ಇಲ್ಲ. ಮೇಸ್ತ್ರಿಯನ್ನು ಕೇಳಿದರೆ ಅಮ್ಮಾವರು ಬೇಡ ಎಂದರು ಎಂದ. ಪಂಕಜಳನ್ನು ಕೇಳಿದೆ.

"ಅಟ್ಟ ಇದ್ರೆ ನೀವು ಏನಾದ್ರೂ ಇಡ್ತೀರಿ" ಎಂದಳು.

ಅವಳು ಹೇಳುವುದು ಸರಿ. ನಾನೂ ಬದಲಾಗಿದ್ದೇನೆ, ಕೊಬ್ಬರಿಯನ್ನು ಈಗ ತಕ್ಕಮಟ್ಟಿನ ರೇಟು ಬಂದ ಕೂಡಲೇ ಕೊಟ್ಟುಬಿಡುತ್ತೇನೆ. ಒಂದು ಸಣ್ಣ ವಿಷಯ ಮಾತ್ರ ಅವಳಿಗೆ ಹೇಳಿಲ್ಲ. ಆ ಕಾರಿಗೆ ಎರಡು ಬೀಗದ ಕೈ ಇದ್ದವು. ಗೌಡರು ಒಂದನ್ನು ಕೇಳಿದರು, ಕೊಟ್ಟೆ. ಇನ್ನೊಂದನ್ನು ಕೇಳಲು ಮರೆತರು. ಅದು ಮಂಡಿಯ ಅಟ್ಟದ ಮೇಲೆ, ಒಂದು ಒಣ ಚಿಪ್ಪಿನೊಳಗೆ ಭದ್ರವಾಗಿದೆ. ಜರ್ಮನಿಯ ಬೀಗದ ಕೈ ಇಲ್ಲಿ ಎಲ್ಲೂ ಸಿಗುವುದಿಲ್ಲ. ಅವರ ಕೈಯಲ್ಲಿರುವುದು ಇವತ್ತಲ್ಲ ನಾಳೆ ಕಳೆದುಹೋಗಲೇಬೇಕು. ನನಗೇನೂ ಅವಸರವಿಲ್ಲ.