ಹೆಂಗಸರ ಕಡೆಯ ಬೆಂಚು

ನಿವೃತ್ತಿಯಾದ ಗಂಡಸಿಗೆ ಹೊತ್ತು ಕಳೆಯುವುದು ಕಷ್ಟ ಎಂದು ಎಲ್ಲರೂ ಹೇಳುತ್ತಾರೆ. ನನ್ನನ್ನು ಕೇಳಿದರೆ ಹೊತ್ತು ಹೇಗೋ ಕಳೆಯುತ್ತದೆ, ಜಗಳವಾಡಲು ಜನ ಸಿಗುವುದಿಲ್ಲ, ಅದೇ ಕಷ್ಟ. ನೌಕರಿಯಲ್ಲಿದ್ದಾಗ ಡಿಪೋ ಮ್ಯಾನೇಜರ್ ಇದ್ದರು, ಚೆಕಿಂಗ್ ಇನ್ಸ್‌ಪೆಕ್ಟರ್ ಇದ್ದರು, ಚಿಲ್ಲರೆ ಇಲ್ಲವೆಂದು ಐನೂರರ ನೋಟು ಚಾಚುವ ಪ್ರಯಾಣಿಕರಿದ್ದರು. ಅವರಲ್ಲಿ ಒಬ್ಬರ ಮೇಲಾದರೂ ಕಣ್ಣು ಕೆಂಪು ಮಾಡಿ ಮನೆಗೆ ಬಂದರೆ ಮೈ ಹಗುರಾಗಿರುತ್ತಿತ್ತು. ಈಗ ಯಾರ ಮೇಲೆ ಮಾಡೋಣ? ಮನೆಯಲ್ಲಿ ಮಾಡಿದರೆ ಊಟ ತಡವಾಗುತ್ತದೆ. ಹೀಗಾಗಿ ಸರ್ಕಾರಿ ಬಸ್ಸಿನ ಮಾಜಿ ಕಂಡಕ್ಟರ್ ಅಂತಪ್ಪನಾದ ನಾನು, ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿ ಬೆಳಿಗ್ಗೆ ವಾಕಿಂಗು, ಸಂಜೆ ಮಾತ್ರೆ ಎಂದು ತಣ್ಣಗಿರಬೇಕಾದ ವಯಸ್ಸಿನಲ್ಲಿ, ಚರ್ಚಿನೊಳಗೆ ಬಂಡಾಯವೆದ್ದೆ. ನನ್ನ ಬೇಡಿಕೆ ದೊಡ್ಡದೇನೂ ಆಗಿರಲಿಲ್ಲ. ನನ್ನ ಹೆಂಡತಿಯ ಪಕ್ಕದಲ್ಲಿ ಕೂರಬೇಕು, ಅಷ್ಟೇ.

ನಮ್ಮ ಭಾನುವಾರಗಳ ಬಗ್ಗೆ ಸ್ವಲ್ಪ ಹೇಳಿದರೆ ಇದು ಅರ್ಥವಾಗುತ್ತದೆ. ದಾವಣಗೆರೆಯಲ್ಲಿ ಚರ್ಚುಗಳಿಲ್ಲ ಎಂದಲ್ಲ. ಆದರೆ ನನ್ನ ಹೆಂಡತಿ ಫಿಲೋಮಿನಾಳ ತವರು ಹರಿಹರ. ಅವಳು ಕೂಸಾಗಿದ್ದಾಗ ಜ್ಞಾನಸ್ನಾನವಾದದ್ದು, ನನ್ನ ಜೊತೆ ಮದುವೆಯಾದದ್ದು ಎಲ್ಲ ಅಲ್ಲಿನ ಒಂದು ಹಳೆಯ ಚರ್ಚಿನಲ್ಲಿ. "ಪೂಜೆ ಅಂದ್ರ ಅಲ್ಲೇ, ಬ್ಯಾರೆ ಕಡೆ ಕೂತ್ರೆ ನನಗೆ ಪೂಜೆ ಕೇಳಿಸ್ದಂಗೇ ಆಗಲ್ಲ" ಎನ್ನುತ್ತಾಳೆ. ಹಾಗಾಗಿ ಭಾನುವಾರ ಬೆಳಿಗ್ಗೆ ಹರಿಹರದ ಬಸ್ಸು ಹತ್ತುತ್ತೇವೆ. ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದ ಬೇವಿನ ಮರದಡಿ ಸ್ನೇಹಿತರ ಜೊತೆ ಹರಟೆ, ಆಮೇಲೆ ಅವಳ ತಂಗಿ ಲೀಲಾಳ ಮನೆಯಲ್ಲಿ ಕೋಳಿ ಸಾರಿನ ಊಟ, ಸಂಜೆ ದಾವಣಗೆರೆಗೆ ಮರಳಿ ಮಗಳ ಮನೆಯಲ್ಲಿ ಮಂಡಕ್ಕಿ ಮಿರ್ಚಿ. ಬಸ್ಸಿನಲ್ಲಿ ಫಿಲೋಮಿನಾ ಆಧಾರ್ ಕಾರ್ಡು ತೋರಿಸಿ ಪುಕ್ಕಟೆ ಟಿಕೆಟ್ ಪಡೆದು ರಾಣಿಯ ಹಾಗೆ ಕಿಟಕಿ ಪಕ್ಕ ಕೂರುತ್ತಾಳೆ. ಜೀವಮಾನವಿಡೀ ಅದೇ ರೂಟಿನಲ್ಲಿ ಟಿಕೆಟ್ ಹರಿದ ನಾನು ದುಡ್ಡು ಕೊಟ್ಟು ಅವಳ ಪಕ್ಕ ಕೂರುತ್ತೇನೆ. ಇರಲಿ, ಪಕ್ಕದಲ್ಲಿ ಕೂರುವುದಕ್ಕೆ ಅಲ್ಲಿ ಯಾರ ತಕರಾರೂ ಇಲ್ಲ. ಆದರೆ ಚರ್ಚಿನ ಬಾಗಿಲು ದಾಟಿದ ಕೂಡಲೇ ಅವಳು ಎಡಕ್ಕೆ, ನಾನು ಬಲಕ್ಕೆ. ಎಡಗಡೆ ಹೆಂಗಸರ ಬೆಂಚುಗಳು, ಬಲಗಡೆ ಗಂಡಸರವು, ನಡುವೆ ದಾರಿ. ಹಿಂದಿನಿಂದ ಬಂದ ಪದ್ಧತಿ. ನಮ್ಮಿಬ್ಬರನ್ನೂ ಪಕ್ಕಪಕ್ಕ ನಿಲ್ಲಿಸಿ, ಕೈಗೆ ಕೈ ಕೊಡಿಸಿ, ಸಾಯುವ ತನಕ ಅಗಲಬೇಡಿ ಎಂದು ಹರಸಿದ ಅದೇ ಚರ್ಚಿನಲ್ಲಿ ಮುಂದಿನ ವಾರದಿಂದಲೇ ಬೇರೆ ಬೇರೆ ಕೂರಿಸಿದ್ದರು. ಅಂದಿನಿಂದ ನಾನು ದೇವರನ್ನು ನೋಡಿದ್ದಕ್ಕಿಂತ ಹೆಚ್ಚಾಗಿ ಇವಳ ಸೆರಗು ಹೊದ್ದ ತಲೆಯ ಹಿಂಭಾಗವನ್ನೇ ನೋಡಿದ್ದೇನೆ.

ಇಷ್ಟು ವರ್ಷ ಸುಮ್ಮನಿದ್ದವನಿಗೆ ಈಗೇನಾಯಿತು ಎಂದು ನೀವು ಕೇಳಬಹುದು. ಹೋದ ವರ್ಷ, ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ತಪಸ್ಸುಕಾಲದಲ್ಲಿ, ಒಂದು ಭಾನುವಾರ ಹರಿಹರದ ಬಿಸಿಲು ಬೆಳಿಗ್ಗೆಯೇ ನೆತ್ತಿಗೇರಿತ್ತು. ಫಾದರ್ ಅವರ ಪ್ರಸಂಗ, ಅಂದರೆ ಪ್ರವಚನ, ನಡೆಯುತ್ತಿದ್ದಾಗ ಹೆಂಗಸರ ಕಡೆ ಧಡ್ ಎಂದಿತು. ಗದ್ದಲವಾಯಿತು. ಎಲ್ಲರಂತೆ ನಾನೂ ಕತ್ತು ಉದ್ದ ಮಾಡಿದೆ. "ಯಾರ್ರಿ ಪಾಪ?" ಎಂದು ಪಕ್ಕದವರನ್ನು ಕೇಳಿದೆ. "ಯಾರೋ ವಯಸ್ಸಾದ ಹೆಣ್ಮಗಳು" ಅಂದರು. "ಉಪವಾಸ ಮಾಡ್ತಾರ, ಮೈಯಾಗ ಶಕ್ತಿ ಇರಲ್ಲ" ಎಂದು ನನ್ನದೂ ಒಂದು ಅಭಿಪ್ರಾಯ ಸೇರಿಸಿದೆ. ಆಮೇಲೆ ಜನರ ಕಾಲುಗಳ ಸಂದಿನಲ್ಲಿ ಹಸಿರು ಸೀರೆಯ ಅಂಚು ಕಂಡಿತು. ಮಂಡಿಪೇಟೆಗೆ ಹೋದಾಗ ಇಬ್ಬರೂ ಸೇರಿ ಆರಿಸಿದ್ದ ಸೀರೆ. ಎದ್ದು ಬಿದ್ದು ಓಡಿದೆ. ಅಷ್ಟರಲ್ಲಿ ಹೆಂಗಸರು ಸುತ್ತುಗಟ್ಟಿ ನೀರು ಚಿಮುಕಿಸುತ್ತಿದ್ದರು. ದಪ್ಪನೆಯ ಒಬ್ಬಾಕೆ ನನಗೆ ಕೈ ಅಡ್ಡ ಹಿಡಿದು, "ಗಂಡಸರು ಈ ಕಡೆ ಬರಬ್ಯಾಡ್ರಿ, ಗಾಳಿ ಬಿಡ್ರಿ" ಎಂದು ಗದರಿದಳು. "ನಾನು ಆಕೀ ಗಂಡ ಅದೀನ್ರೀ" ಎಂದು ಕೂಗುವಾಗ ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಡಾಕ್ಟರು ನೋಡಿ, ಏನಿಲ್ಲ, ಖಾಲಿ ಹೊಟ್ಟೆ, ಸೆಕೆ, ಮಾತ್ರೆ ತಪ್ಪಿಸಿದ್ದಾರೆ ಎಂದರು. ಅವಳು ಸಂಜೆಯೊಳಗೆ ಎದ್ದು ಮಿರ್ಚಿಯನ್ನೂ ತಿಂದಳು. ನಾನು ಮಾತ್ರ ನನ್ನ ತಟ್ಟೆಯನ್ನು ಹಾಗೇ ಮಗಳ ಕಡೆಗೆ ಸರಿಸಿದೆ. ಅವಳು ಬಿದ್ದಾಗ ನಾನು ಹತ್ತು ಹೆಜ್ಜೆ ಆಚೆ ಕೂತು ಯಾರು ಪಾಪ ಎಂದು ಕೇಳುತ್ತಿದ್ದೆನಲ್ಲ ಎಂಬುದು ನನ್ನನ್ನು ಹೆದರಿಸಿಬಿಟ್ಟಿತ್ತು.

ಮರುವಾರ ಚರ್ಚಿನ ಬಾಗಿಲು ದಾಟಿ ನಾನು ಎಡಕ್ಕೆ ತಿರುಗಿದೆ. ಫಿಲೋಮಿನಾ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಏನ್ರಿ ಇದು? ಆ ಕಡೆ ಹೋಗ್ರಿ."

"ಹೋಗಲ್ಲ."

"ಮಂದಿ ನೋಡ್ತಾರ."

"ನೋಡ್ಲಿ."

ಬೆಂಚಿನ ಮೇಲಿದ್ದ ಹೆಂಗಸರು ಸರಕ್ಕನೆ ಆಚೆ ಸರಿದು, ನನಗೂ ತಮಗೂ ನಡುವೆ ಫಿಲೋಮಿನಾಳನ್ನೂ ಎರಡು ವ್ಯಾನಿಟಿ ಬ್ಯಾಗುಗಳನ್ನೂ ಗೋಡೆಯ ಹಾಗೆ ಇಟ್ಟುಕೊಂಡರು. ಆ ಗಳಿಗೆಯಲ್ಲಿ ನನಗೆ ನೆನಪಾದದ್ದು ನನ್ನ ನೌಕರಿ. ಮಹಿಳೆಯರಿಗೆ ಮಾತ್ರ ಎಂದು ಬರೆದ ಸೀಟಿನಿಂದ ನಾನು ಎಷ್ಟು ಗಂಡಸರನ್ನು ಎಬ್ಬಿಸಿದ್ದೇನೋ ಲೆಕ್ಕವಿಲ್ಲ. ಲೋಕಿಕೆರೆಯ ಕಡೆಯ ರೈತರೊಬ್ಬರು ಒಮ್ಮೆ, "ಹೆಣ್ಮಕ್ಳು ಒಬ್ರೂ ಇಲ್ವಲ್ಲೋ ಬಸ್ನಾಗ" ಎಂದಿದ್ದರು. "ಮುಂದಿನ ಸ್ಟಾಪಿಗೆ ಬರ್ತಾರ, ಏಳ್ರಿ" ಎಂದಿದ್ದೆ. ಈಗ ನನ್ನನ್ನು ಎಬ್ಬಿಸಲು ಬಂದವರು ರಾಯಪ್ಪ ಮೇಷ್ಟ್ರು. ನಿವೃತ್ತ ಹೆಡ್‌ಮಾಸ್ಟರು, ಚರ್ಚಿನ ಹಿರಿಯರು, ಬಾಗಿಲ ಬಳಿ ನಿಂತು ಇಡೀ ಸಭೆಯನ್ನು ಇವತ್ತಿಗೂ ನಾಲ್ಕನೇ ಕ್ಲಾಸಿನ ಮಕ್ಕಳಂತೆಯೇ ನೋಡುವವರು. ಬಂದು ಹೆಗಲು ತಟ್ಟಿದರು.

"ಅಂತಪ್ಪ, ಜಾಗ ತಪ್ಪಿ ಕೂತೀಯ ನೋಡು."

"ಇಷ್ಟು ದಿನ ತಪ್ಪಿ ಕೂತಿದ್ದೆ ಮೇಷ್ಟ್ರೇ. ಇವತ್ತು ಸರಿ ಐತೆ."

"ಇದು ಹೆಂಗಸರ ಕಡೆ."

"ಎಲ್ಲಿ ಬರ್ದೈತೆ ತೋರಿಸ್ರಿ. ನಮ್ಮ ಬಸ್ನಾಗ ಬರ್ದಿರ್ತಿತ್ತು."

ಮೇಷ್ಟ್ರು ಗೋಡೆಯತ್ತ ನೋಡಿದರು. ಗೋಡೆಯ ಮೇಲೆ ಸಂತರ ಪಟಗಳಿದ್ದವೇ ಹೊರತು ಅಂಥ ಬರಹವೇನೂ ಇರಲಿಲ್ಲ. ಅಷ್ಟರಲ್ಲಿ ಪೂಜೆಯ ಗಂಟೆ ಹೊಡೆಯಿತು. ಅವರು ಸಿಡಿಮಿಡಿಗೊಂಡು ವಾಪಸು ಹೋದರು. ಪೂಜೆಯ ನಡುವೆ ಪಕ್ಕದವರಿಗೆ ಕೈಮುಗಿದು ಶಾಂತಿ ಕೋರುವ ಒಂದು ಸಂದರ್ಭ ಬರುತ್ತದೆ. ಮದುವೆಯಾದಂದಿನಿಂದ ಮೊದಲ ಬಾರಿ ನನ್ನ ಪಕ್ಕದಲ್ಲಿದ್ದದ್ದು ನನ್ನ ಹೆಂಡತಿ. ನಗುಮುಖದಿಂದ ಕೈಮುಗಿದು ಅವಳ ಕಡೆ ತಿರುಗಿದೆ. ಅವಳು ಆಗಲೇ ಆಚೆ ತಿರುಗಿ, ವ್ಯಾನಿಟಿ ಬ್ಯಾಗಿನಾಚೆಯ ಹೆಂಗಸಿಗೆ ಬಹಳ ಹೊತ್ತು ಶಾಂತಿ ಕೋರುತ್ತಿದ್ದಳು. ನನ್ನ ಪಾಲಿಗೆ ಬಂದದ್ದು ಅವಳ ತಲೆಯ ಹಿಂಭಾಗವೇ, ಸ್ವಲ್ಪ ಹತ್ತಿರದಿಂದ.

ಬೇವಿನ ಮರದಡಿ ಅಂದು ದೊಡ್ಡ ಪಂಚಾಯ್ತಿಯಾಯಿತು. "ಇವತ್ತು ನೀನು ಕೂತೆ, ನಾಳೆ ಎಲ್ಲರೂ ಕೂರ್ತಾರ. ಹಿರೇರು ಮಾಡಿದ ಪದ್ಧತಿ ಏನಾಗಬೇಕು?" ಎಂದರು ಮೇಷ್ಟ್ರು. "ಕೂರ್ಲಿ ಬಿಡ್ರಿ. ಅವರವರ ಹೆಂಡ್ರ ಪಕ್ಕ ತಾನೆ ಕೂರೋದು? ಮಂದಿ ಹೆಂಡ್ರ ಪಕ್ಕ ಅಲ್ವಲ್ಲ" ಎಂದೆ. ಮೇಷ್ಟ್ರ ಹೆಂಡತಿ ತೆರೇಸಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ನನಗೆ ಹುರುಪು ಬಂತು. ದಾರಿಯಲ್ಲಿ, ಬಸ್ಸಿನಲ್ಲಿ, ಮನೆಯಲ್ಲಿ ಎಲ್ಲೆಲ್ಲೂ ಜೊತೆಗಿರುವ ಗಂಡ ಹೆಂಡತಿ ದೇವರ ಮುಂದೆ ಮಾತ್ರ ಯಾಕೆ ಕೋರ್ಟಿನ ಎರಡು ಪಾರ್ಟಿಗಳ ಹಾಗೆ ಕೂರಬೇಕು ಎಂದು ಭಾಷಣವನ್ನೇ ಬಿಗಿದೆ. ಡಿಪೋದಲ್ಲಿ ಯೂನಿಯನ್ ಗೇಟ್ ಮೀಟಿಂಗುಗಳಿಗೆ ನಿಂತು ಕೇಳಿದ್ದೆಲ್ಲ ಅಂದು ಉಪಯೋಗಕ್ಕೆ ಬಂತು. ಫಿಲೋಮಿನಾ ಮಾತ್ರ ದೂರದಲ್ಲಿ ಛತ್ರಿ ಹಿಡಿದು, ಈ ಮನುಷ್ಯ ಯಾರೋ ತನಗೆ ಗೊತ್ತಿಲ್ಲ ಎಂಬಂತೆ ರಸ್ತೆ ನೋಡುತ್ತ ನಿಂತಿದ್ದಳು. ಸಂಕೋಚ ಅಂದುಕೊಂಡೆ.

ಲೀಲಾಳ ಮನೆಯಲ್ಲಿ ಊಟಕ್ಕೆ ಕೂತಾಗ ನನ್ನ ಷಡ್ಡಕ ಚೌರಪ್ಪನ ಮುಖ ಬಾಡಿತ್ತು. ಲೀಲಾ ನನ್ನ ತಟ್ಟೆಗೆ ಕೋಳಿಯ ಕಾಲೇ ಹುಡುಕಿ ಬಡಿಸುತ್ತ, "ಭಾವನ್ನ ನೋಡಿ ಕಲೀರಿ. ಅಕ್ಕ ಒಂದು ಸಲ ಬಿದ್ದಿದ್ದಕ್ಕೆ ಹೆಂಗೆ ಬಂದು ಪಕ್ಕ ಕೂತ್ರು" ಎಂದಳು. ಅವಳು ಒಳಗೆ ಹೋದ ಮೇಲೆ ಚೌರಪ್ಪ ಗುಟ್ಟಾಗಿ, "ಅಣ್ಣಾ, ನಿಮಗೇನಾರ ಬುದ್ಧಿ ಐತಾ? ಗಂಡಸರ ಕಡೆ ಕಂಬದ ಮರೆಗೆ ಕೂತು ಪ್ರಸಂಗದ ಹೊತ್ನಾಗ ಒಂದು ಸಣ್ಣ ನಿದ್ದಿ ಮಾಡ್ತಿದ್ದೆ. ಇನ್ನು ಆಕೀ ಪಕ್ಕ ಕೂತ್ರೆ ತಿವೀತಾಳ" ಎಂದು ಅಲವತ್ತುಕೊಂಡ. ದೊಡ್ಡ ಕೆಲಸಗಳಲ್ಲಿ ಕೆಲವರಿಗೆ ತೊಂದರೆಯಾಗುತ್ತದೆ ಎಂದು ಸಮಾಧಾನ ಹೇಳಿ ಕೋಳಿಯ ಕಾಲು ಚೀಪಿದೆ.

ನಾನು ಜಗ್ಗಲಿಲ್ಲ. ವಾರ ವಾರವೂ ಎಡಕ್ಕೆ ತಿರುಗಿದೆ. ಮೇಷ್ಟ್ರು ಒಂದು ಭಾನುವಾರ ಆ ಬೆಂಚಿನ ತುದಿಗೆ ಹೂಕುಂಡ ಇಟ್ಟು ಜಾಗ ತಡೆದರು, ಅದನ್ನು ತೊಡೆಯ ಮೇಲೆ ಇಟ್ಟುಕೊಂಡೇ ಪೂಜೆ ಮುಗಿಸಿದೆ. ಇನ್ನೊಂದು ಭಾನುವಾರ ಹೊಸದಾಗಿ ಮದುವೆಯಾದ ಜೋಡಿಯೊಂದು ನಮ್ಮ ಹಿಂದಿನ ಬೆಂಚಿನಲ್ಲಿ ಒಟ್ಟಿಗೆ ಬಂದು ಕೂತಿತು. ಆಮೇಲೆ ಲೀಲಾ ಚೌರಪ್ಪನನ್ನು ಕಂಬದ ಮರೆಯಿಂದ ಎಳೆದು ತಂದಳು. ಮಳೆಗಾಲ ಮುಗಿಯುವ ಹೊತ್ತಿಗೆ ಅರ್ಧ ಚರ್ಚು ಜೋಡಿ ಜೋಡಿಯಾಗಿತ್ತು. ಹೊಸದಾಗಿ ಬಂದ ಫಾದರ್ ಪೀಠದ ಮುಂದೆ ನಿಂತು, ಮನೆಮಂದಿಯೆಲ್ಲ ಒಟ್ಟಿಗೆ ಕೂತು ಪ್ರಾರ್ಥಿಸುವುದು ನೋಡಲು ಸಂತೋಷ ಎಂದೇಬಿಟ್ಟರು. ನಾನು ಮೇಷ್ಟ್ರ ಕಡೆ ತಿರುಗಿ ನೋಡಿದೆ. ಮೇಷ್ಟ್ರು ತೆರೇಸಮ್ಮನವರ ಪಕ್ಕದಲ್ಲಿ ಕೂತಿದ್ದರು. ಅಂದು ಬೇವಿನ ಮರದಡಿ ನಾನು ನಡೆದ ಗತ್ತು ನೋಡಿದ್ದರೆ ನೀವು ಬಸ್ಸಿನ ಕಂಡಕ್ಟರ್ ಎನ್ನುತ್ತಿರಲಿಲ್ಲ, ಮಂತ್ರಿ ಎನ್ನುತ್ತಿದ್ದಿರಿ.

ಅಂದೇ ಸಂಜೆ, ದಾವಣಗೆರೆಗೆ ಮರಳುವ ಬಸ್ಸಿನಲ್ಲಿ, ಕಿಟಕಿಯ ಹೊರಗೆ ನೋಡುತ್ತಲೇ ಫಿಲೋಮಿನಾ ಬಾಯಿ ಬಿಟ್ಟಳು.

"ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಬರೋ ವಾರದಿಂದ ನೀವು ಆ ಕಡೆನೇ ಕೂತ್ಕಳ್ರಿ."

"ಯಾಕ? ಈಗ ಎಲ್ಲರೂ ಜೋಡಿಯಾಗೇ ಕೂರ್ತಾರಲ್ಲ! ನಾವು ಗೆದ್ದೀವಿ!"

"ನೀವು ಗೆದ್ರಿ. ನನ್ನ ಯಾರು ಕೇಳಿದ್ರು?" ಎಂದಳು. "ರಿಟೈರ್ ಆದಾಗಿಂದ ಬೆಳಗಿಂದ ಸಂಜೀ ತನಕ ಮನ್ಯಾಗೇ ಅದೀರಿ. ಒಗ್ಗರಣಿ ಹಾಕಿದ್ರೆ ಬೆನ್ನ ಹಿಂದ ನಿಂತು ಸಾಸ್ವಿ ಜಾಸ್ತಿ ಆತು ಅಂತೀರಿ. ಫೋನ್ ಬಂದ್ರೆ ಯಾರು, ಏನಂತೆ ಅಂತೀರಿ. ವಾರಕ್ಕ ಪೂಜಿ ಹೊತ್ತೊಂದು ನಂದು ಅಂತ ಇತ್ತು. ನಿಮ್ಮ ಮ್ಯಾಲಿನ ದೂರೆಲ್ಲ ದೇವ್ರಿಗೆ ಒಪ್ಪಿಸಿ ಹಗುರಾಗಿ ಬರ್ತಿದ್ದೆ. ನೀವು ಪಕ್ಕದಾಗೇ ಕೂತು ಕಣ್ಣು ಬಿಟ್ಕಂಡು ನೋಡ್ತಿದ್ರೆ ಹೆಂಗೆ ಹೇಳ್ಲಿ?"

ಕೈಯಲ್ಲಿದ್ದ ನನ್ನ ಟಿಕೆಟನ್ನು ಮಡಿಸಿ, ಬಿಡಿಸಿ, ಮತ್ತೆ ಮಡಿಸಿದೆ. ಕೊನೆಗೆ, "ಮತ್ತೆ ತಲಿ ಸುತ್ತಿ ಬಿದ್ರೆ?" ಎಂದೆ. ಅವಳು ಆಗ ನನ್ನ ಕಡೆ ತಿರುಗಿದಳು. "ಎತ್ತಾಕ ಅಲ್ಲಿ ಅಷ್ಟು ಮಂದಿ ಅದಾರ. ಮಾತ್ರೆ ತಗಂಡೇ ಬರ್ತೀನಿ. ನೀವು ಆ ಕಡೆಯಿಂದ ನೋಡ್ತಾ ಇರ್ರಿ ಸಾಕು. ನಾನೂ ನೋಡ್ತಿರ್ತೀನಲ್ಲ" ಎಂದಳು. ದೂರುಗಳು ಏನೇನು ಎಂದು ಕೇಳಿದೆ. ಅದು ದೇವರಿಗೆ ಹೇಳುವುದು, ನಿಮಗಲ್ಲ ಎಂದಳು.

ಮುಂದಿನ ಭಾನುವಾರ ನಾನು ಬಲಕ್ಕೆ ತಿರುಗಿದೆ. ನನ್ನ ಹಳೆಯ ಜಾಗದಲ್ಲಿ ಬೇರೊಂದು ಜೋಡಿ ಕೂತಿತ್ತು. ಅದರ ಹಿಂದೆ ಮೇಷ್ಟ್ರು ಮತ್ತು ತೆರೇಸಮ್ಮ. ನನ್ನ ಬಂಡಾಯದಿಂದಾಗಿ ಬಲಗಡೆಯೂ ಈಗ ಜೋಡಿಗಳ ಜಾತ್ರೆ, ಒಬ್ಬೊಬ್ಬರೇ ಬಂದವರಿಗೆ ಬೆಂಚಿನ ತುದಿಯೇ ಗತಿ. ಕೊನೆಗೆ ನನಗೆ ಸಿಕ್ಕಿದ್ದು ಚೌರಪ್ಪ ನಿದ್ದೆ ಮಾಡುತ್ತಿದ್ದ ಕಂಬದ ಮರೆ. ಮೇಷ್ಟ್ರು ತಮ್ಮ ಬೆಂಚಿನಿಂದ ಬಗ್ಗಿ, ಬಹಳ ಕಾಳಜಿಯಿಂದ, "ಯಾಕ ಅಂತಪ್ಪ, ಮನ್ಯಾಗ ಏನಾರ ಜಗಳ ಆತೇನು?" ಎಂದರು. "ಎಲ್ಲಿ ಬೇಕಾದ್ರೂ ಕೂರಬಹುದು ಅಂತ ತಾನೆ ನಾನು ಹೋರಾಡಿದ್ದು ಮೇಷ್ಟ್ರೇ? ಇವತ್ತು ಇಲ್ಲಿ ಕೂರ್ತೀನಿ" ಎಂದು ಎದೆ ಸೆಟೆಸಿದೆ.

ಕಂಬದ ಪಕ್ಕದಿಂದ ಇಣುಕಿದರೆ ಫಿಲೋಮಿನಾ ಕಾಣುತ್ತಿದ್ದಳು. ಮೊಣಕಾಲೂರಿ, ತಲೆ ಬಗ್ಗಿಸಿ, ಕಣ್ಣು ಮುಚ್ಚಿದ್ದಳು, ತುಟಿ ಚಲಿಸುತ್ತಲೇ ಇತ್ತು. ಬಹಳ ತಿಂಗಳ ಬಾಕಿ, ಬೇಗ ಮುಗಿಯುವಂತೆ ಕಾಣಲಿಲ್ಲ. ನಾನು ಬಿಡುವೆನೇ? ನಾನೂ ಮೊಣಕಾಲೂರಿ ಕಣ್ಣು ಮುಚ್ಚಿದೆ. ದೇವರೇ, ಆ ಕಡೆಯಿಂದ ಬರುವ ದೂರನ್ನಷ್ಟೇ ಕೇಳಿ ತೀರ್ಪು ಕೊಡಬೇಡ, ಸಾಸಿವೆ ನಿಜವಾಗಿಯೂ ಜಾಸ್ತಿಯಾಗಿತ್ತು ಎಂದು ಶುರು ಮಾಡಿ, ಒಂದೊಂದಾಗಿ ನನ್ನ ವಾದವನ್ನೆಲ್ಲ ಮಂಡಿಸಿದೆ. ಎಷ್ಟು ಹೊತ್ತಾಯಿತೋ ಗೊತ್ತಾಗಲಿಲ್ಲ. ಕಣ್ಣು ಬಿಟ್ಟು ಮೊದಲು ಅವಳ ಕಡೆಗೇ ನೋಡಿದೆ. ಫಾದರ್ ಓದುವ ಬೈಬಲಿನ ಶುಭಸಂದೇಶ ಕೇಳಲು ಇಡೀ ಚರ್ಚು ಎದ್ದು ನಿಂತಿತ್ತು. ಅಷ್ಟೂ ಜನ ಪೀಠದ ಕಡೆ ಮುಖ ಮಾಡಿದ್ದರೆ ಅವಳೊಬ್ಬಳು ಕತ್ತು ಉದ್ದ ಮಾಡಿ ಕಂಬದ ಮರೆಯಲ್ಲಿ ನನ್ನನ್ನು ಹುಡುಕುತ್ತಿದ್ದಳು. ನಾನು ಕಂಡ ಕೂಡಲೇ ಹುಬ್ಬು ಗಂಟಿಕ್ಕಿ, ಕೈಯನ್ನು ಮೇಲೆ ಮೇಲೆ ಮಾಡಿ ಸನ್ನೆ ಮಾಡಿದಳು, ಏಳ್ರಿ ಎಂದು. ನಾನು ತೆಪ್ಪಗೆ ಎದ್ದು ನಿಂತೆ.