ಪ್ರಾಕ್ಟಿಕಲ್ ಪರೀಕ್ಷೆಗೆ ಬಂದ ಮೀನು

ನೀರೇ ಅಪರೂಪವಾದ ನಾಗಮಂಗಲದಲ್ಲಿ ಮೀನಿನ ಪಾಠ ಮಾಡಿ ಸಂಬಳ ತಗೊಂಡವನಿಗೆ ಇಂಥವು ಆಗ್ತಲೇ ಇರ್ತವೆ. ತೊಂಬತ್ತರ ದಶಕದಲ್ಲಿ ನಾನು ಅಲ್ಲಿನ ಕಾಲೇಜೊಂದರಲ್ಲಿ ಜೀವಶಾಸ್ತ್ರದ ಮೇಷ್ಟ್ರು. ಮೀನು ತಿನ್ನೋನಲ್ಲ. ನನಗೆ ಗೊತ್ತಿದ್ದದ್ದು ಪುಸ್ತಕದ ಮೀನು ಮಾತ್ರ.

೧. ತಾಯಿ ಕಡೆಯೋರು

ಬೆನ್ನುಹುರಿ ಇರುವ ಪ್ರಾಣಿಗಳ ಗುಂಪಿಗೆ ಮೀನೂ ಸೇರಿದೆ, ನಾವೂ ಸೇರಿದ್ದೀವಿ. ತಾಯಿ ಹೊಟ್ಟೆಯಲ್ಲಿದ್ದಾಗ ನಮ್ಮ ಕತ್ತಿನ ಹತ್ತಿರವೂ ಮೀನು ಉಸಿರಾಡೋ ಕಿವಿರಿನಂಥ ಗುರುತು ಮೂಡಿ ಹೋಗುತ್ತೆ ಅಂತ ಒಂದು ದಿನ ಹೇಳಿದೆ. ಮಾರನೆಯ ದಿನ ಒಬ್ಬ ವಿದ್ಯಾರ್ಥಿನಿಯ ತಾತ ಕಾಲೇಜಿಗೇ ಬಂದರು. ಮೊಮ್ಮಗಳನ್ನು ನೋಡೋಕೆ ಗಂಡಿನ ಕಡೆಯೋರು ಬರೋರಿದ್ದಾರೆ, ಇಂಥ ಮಾತು ಊರಲ್ಲಿ ಹಬ್ಬಿದರೆ ಗತಿಯೇನು ಅಂತ ಅವರ ತಕರಾರು. ಇದು ಎಲ್ಲರಿಗೂ ಇದ್ದದ್ದೇ, ನಿಮಗೂ ಇತ್ತು ಅಂತ ಸಮಾಧಾನ ಹೇಳಿದೆ. ಅವರು ಕತ್ತು ಒಂದ್ಸಲ ಸವರಿ ನೋಡಿಕೊಂಡರು.

"ನಮ್ ವಂಸ್ದಲ್ಲಿ ಯಾರ್ಗೂ ಇಲ್ಲ ಮೇಷ್ಟ್ರೇ. ನಮ್ ಹುಡ್ಗಿ ಅಮ್ಮನ ಕಡೆಯೋರು ಪಾಂಡವಪುರದಲ್ಲಿ ಕೆರೆ ಏರಿ ಕೆಳಗ್ನೋರು. ಏನಿದ್ರೂ ಅಲ್ಲಿಂದ್ಲೇ ಬಂದಿರ್ಬೇಕು."

೨. ಬಾಟ್ಲಿ ಮೀನು

ನಮ್ಮ ಲ್ಯಾಬಿನಲ್ಲಿ ಇದ್ದದ್ದು ಫಾರ್ಮಲಿನ್ ಬಾಟ್ಲಿಯ ಒಂದೇ ಮೀನು. ನನಗಿಂತ ಹೆಚ್ಚು ಸರ್ವೀಸ್ ಆಗಿತ್ತು ಅದಕ್ಕೆ. ಹುರುಪೆ ಉದುರಿ ತಳ ಸೇರಿತ್ತು, ರೆಕ್ಕೆ ಸವೆದಿತ್ತು. ಹಿಂದಿನ ವರ್ಷ ಪರೀಕ್ಷೆ ಮಾಡೋಕೆ ಕೆ.ಆರ್. ಪೇಟೆಯಿಂದ ಬಂದಿದ್ದವರು ಅದನ್ನ ನೋಡಿ, ಮುಂದಿನ ಸಲ ತಾಜಾ ಮೀನು ಇಲ್ಲದಿದ್ದರೆ ಆ ಪ್ರಶ್ನೆಗೆ ಎಲ್ಲರಿಗೂ ಸೊನ್ನೆ ಅಂತ ಬರೆದು ಹೋಗಿದ್ದರು. ಸೊನ್ನೆ ಬಿದ್ದರೆ ಅರ್ಧ ಕ್ಲಾಸು ಫೇಲು. ಆಗಿನ್ನೂ ನನ್ನ ಕೆಲಸವೂ ಕಾಯಂ ಆಗಿರಲಿಲ್ಲ.

ಪ್ರಿನ್ಸಿಪಾಲರಿಗೆ ವಿಷಯ ಹೇಳಿದೆ. ಅವರು ಬಾಟ್ಲಿ ಎತ್ತಿ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಇಷ್ಟ್ ವರ್ಷದಿಂದ ಕೆಟ್ಟಿಲ್ವಲ್ರೀ," ಅಂದರು.

೩. ಪಟ್ಟಣದ ಮೀನು

ಪರೀಕ್ಷೆಯ ಬೆಳಿಗ್ಗೆ ಮೊದಲನೇ ಬಸ್ಸಿಗೆ ಅಟೆಂಡರನ್ನ ಶ್ರೀರಂಗಪಟ್ಟಣಕ್ಕೆ ಕಳಿಸಿದೆ. ದೊಡ್ಡ ಕಾಟ್ಲಾ ಮೀನೊಂದು ತಾ ಅಂದೆ, ಅಷ್ಟೇ. ಹನ್ನೊಂದಕ್ಕೆ ಪರೀಕ್ಷೆ, ಹತ್ತೂವರೆಗೆ ಬಂದ. ಪೊಟ್ಟಣ ಬಿಚ್ಚಿದರೆ ಹುರುಪೆ ಕೆರೆದು, ರೆಕ್ಕೆ ಕತ್ತರಿಸಿ, ಹೊಟ್ಟೆ ತೆಗೆದು, ಬೆರಳು ದಪ್ಪಕ್ಕೆ ಕುಯ್ದ ತುಂಡುಗಳು. ಬಸ್ಸಲ್ಲಿ ವಾಸನೆ ಬರಬಾರದು ಅಂತ ಉಪ್ಪು ಅರಿಶಿನ ಬೇರೆ ಸವರಿದ್ದ. ತಲೆಯನ್ನ ಕಿವಿರು ಸಮೇತ, ಮೀನು ಕುಯ್ದುಕೊಟ್ಟ ಹೆಂಗಸಿಗೇ ಬಿಟ್ಟು ಬಂದಿದ್ದ, ಅದು ಅಲ್ಲಿನ ವಾಡಿಕೆಯಂತೆ. ಪರೀಕ್ಷೆಗೆ ಏನೇನು ಬೇಕೋ ಅದೆಲ್ಲ ಹೋಗಿತ್ತು. ಪರೀಕ್ಷೆಗೆ ಕಾದು ನಿಂತಿದ್ದ ವಿದ್ಯಾರ್ಥಿಗಳೆಲ್ಲ ಇದನ್ನ ಕೇಳಿಸಿಕೊಂಡಿದ್ದರು.

ಯಾಕಯ್ಯ ಹಿಂಗೆ ಮಾಡಿದೆ ಅಂದಿದ್ದಕ್ಕೆ ಅವನಿಗೇ ಬೇಜಾರಾಯಿತು. "ಇಡೀ ಮೀನು ತಂದ್ರೆ ನಮ್ಮನೆಯೋಳೇ ವಾಸ್ಲು ದಾಟ್ಸಾಕಿಲ್ಲ ಸಾ. ಇದು ಕಾಲೇಜು."

೪. ಕಿವಿರು ಎಲ್ಲಿ?

ಪರೀಕ್ಷಕರಾಗಿ ಕೆ.ಆರ್. ಪೇಟೆಯ ಅವರೇ ಮತ್ತೆ ಬಂದರು. ನಾನು ತುಂಡು ತೊಳೆದು ಜೋಡಿಸಿಟ್ಟಿದ್ದ ತಟ್ಟೆ ನೋಡಿದರು, ನನ್ನನ್ನ ನೋಡಿದರು. ಮೊದಲು ನಿಂತಿದ್ದವಳು ಆ ತಾತನ ಮೊಮ್ಮಗಳು. ಇದು ಬೆನ್ನುಹುರಿ ಇರೋ ಪ್ರಾಣಿ ಅಂತ ಹೆಂಗೆ ಹೇಳ್ತೀಯಮ್ಮ ಅಂತ ಕೇಳಿದರು.

ಅವಳು ಒಂದು ತುಂಡು ಎತ್ತಿಕೊಂಡಳು. ನಡುವಿನ ಮೂಳೆ, ಅದರ ಮೇಲೆ ಬಿಳಿ ದಾರದಂಥ ಬೆನ್ನುಹುರಿ, ಕೆಳಗೆ ರಕ್ತನಾಳ, ಒಂದೊಂದಾಗಿ ತೋರಿಸಿದಳು. ಅವಳು ಮನೆಯ ಅಡಿಗೆಮನೆಯಲ್ಲಿ ಚಿಕ್ಕಂದಿನಿಂದ ನೋಡಿದ್ದೇ ಅದು. ಪುಸ್ತಕದ ಚಿತ್ರದಲ್ಲೂ ಅಷ್ಟು ಸ್ಪಷ್ಟವಾಗಿ ನಾನು ಕಂಡಿರಲಿಲ್ಲ. ಪರೀಕ್ಷಕರು ಕನ್ನಡಕ ಸರಿಮಾಡಿಕೊಂಡು ಬಗ್ಗಿದರು.

"ಎಲ್ಲ ಸರಿ. ಕಿವಿರು ಎಲ್ಲಿ?"

"ಶ್ರೀರಂಗಪಟ್ಣದಲ್ಲೇ ಅವೆ ಸಾರ್," ಅಂದಳು.

ಅವರು ಮುಖ ಗಂಟು ಹಾಕಿಕೊಂಡೇ ಪೂರ್ತಿ ಮಾರ್ಕ್ಸ್ ಹಾಕಿದರು. ಉಳಿದವರೂ ತುಂಡು ಹಿಡಿದು ಪಾಸಾದರು. ಹೋಗುವಾಗ ವರದಿಯಲ್ಲಿ, ಮೀನಿನ ಅಡ್ಡಸೀಳಿಕೆ ನುರಿತ ಕೈಯಿಂದ ಆಗಿದೆ, ಮೆಚ್ಚತಕ್ಕದ್ದು ಅಂತ ಬರೆದರು. ನನಗೆ ಹೋದ ಜೀವ ಬಂತು.

ಅಟೆಂಡರ್ ಅದನ್ನ ಎರಡು ಸಲ ಓದಿಸಿಕೊಂಡ. ಆಮೇಲೆ ಆ ಮೆಚ್ಚುಗೆ ಮಾತನ್ನ ಒಂದು ಚೀಟಿಯಲ್ಲಿ ಬರೆದುಕೊಡಿ ಅಂತ ಕೂತುಬಿಟ್ಟ. ನಿನಗೆ ಯಾಕಯ್ಯ ಅಂದೆ.

"ನಂಗಲ್ಲ ಸಾ, ಪಟ್ಣದಲ್ ಕುಯ್ದ ಯಮ್ಮಂಗೆ. ಇಷ್ಟ್ ವರ್ಸದಿಂದ ಮೀನು ಕುಯ್ತಾವ್ಳೆ, ಯಾರೂ ಒಂದ್ ಮಾರ್ಕ್ಸ್ ಕೊಟ್ಟಿರ್ನಿಲ್ಲ."